ಅಬ್ಬಾರನ್ನು ಆಚೆ ಕೂರಿಸಿದ್ದು

ತಿಪಟೂರು, ಸೋಮವಾರ
೧೪ ಜುಲೈ ೨೦೨೫

ಪ್ರೀತಿಯ ವಾಸಿಫ್ ಭಾಯಿಗೆ, ತಂಗಿ ತರನ್ನುಮ್‌ಳ ಸಲಾಮ್.

ಹೇಗಿದ್ದೀಯ? ಶಿವಮೊಗ್ಗದ ಥಂಡಿಗೆ ಬೆನ್ನುನೋವು ಹೆಚ್ಚಿತೇನೋ. ಗ್ಯಾರೇಜಿನ ನೆಲದ ಮೇಲೆ ಬರೀ ರಟ್ಟು ಹಾಸಿಕೊಂಡು ಮಲಗಬೇಡ. ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಆರೋಗ್ಯ. ಅಮ್ಮಿ ಹೋಗಿ ಐದು ತಿಂಗಳಾದರೂ ನನಗೆ ಅಳು ಬಂದಿಲ್ಲ. ಉಣ್ಣುತ್ತೇನೆ, ಆಫೀಸಿಗೆ ಹೋಗುತ್ತೇನೆ, ನಿದ್ದೆಯೂ ಬರುತ್ತದೆ. ಹಲ್ಲು ಕೀಳಿಸಿಕೊಂಡು ಬಂದ ದವಡೆಯ ಹಾಗೆ ಮೈಯೆಲ್ಲ ಜೋಮು, ಅಷ್ಟೇ.

ಆಫೀಸಿನ ಸುದ್ದಿ ಹೇಳುತ್ತೇನೆ, ಬೇಸರಪಡದೆ ಓದು. ಕೊಬ್ಬರಿ ಹರಾಜಿಗೆ ನಾವು ಮಾಡಿಕೊಟ್ಟ ಸಾಫ್ಟ್‌ವೇರ್ ಹೋದ ತಿಂಗಳು ಒಬ್ಬ ವರ್ತಕ ಗುಟ್ಟಾಗಿ ಹಾಕಿದ ದರವನ್ನು ಉಳಿದವರಿಗೆಲ್ಲ ತೋರಿಸಿಬಿಟ್ಟಿತು. ಮಂಡಿಯಲ್ಲಿ ರಂಪವೋ ರಂಪ. ಎರಡು ವಾರಕ್ಕೊಮ್ಮೆ ನಮ್ಮಲ್ಲಿ ರೆಟ್ರೋ ಅಂತ ಒಂದು ಮೀಟಿಂಗ್ ಇರುತ್ತದೆ: ಮಾಡಿದ ಕೆಲಸದಲ್ಲಿ ಏನು ಸರಿಹೋಯಿತು, ಏನು ಕೆಟ್ಟಿತು, ಮುಂದೆ ಏನು ಬದಲಿಸಬೇಕು ಅಂತ ಕೂತು ಮಾತಾಡುವುದು. ಮಾತಾಡುವುದೆಲ್ಲಿ ಬಂತು! ಯಜಮಾನರು ಸೂರ್ಯಪ್ರಕಾಶ್ ಸರ್ ಎದುರಿಗೆ ಕೂತು "ಯಾರ್ ಮಾಡಿದ್ದು ಹೇಳ್ರೀ" ಅಂದರೆ ಎಲ್ಲರ ಬಾಯಿಗೂ ಬೀಗ. ಕೊನೆಗೆ ನಾನೇ, ಸರ್, ನೀವು ಅರ್ಧ ಗಂಟೆ ಆಚೆ ಇರಿ ಅಂದೆ. "ನನ್ ಆಫೀಸಿಂದ ನನ್ನೇ ಆಚೆ ಕಳಿಸ್ತೀಯೇನಮ್ಮಾ" ಅಂತ ಗೊಣಗಿಕೊಂಡು ಎಳನೀರು ಕುಡಿಯಲು ಹೋದರು. ಯಾರು ಅಂತ ಕೇಳುವುದು ಬೇಡ, ಏನೇನಾಯಿತು ಅಂತ ಮಾತ್ರ ಹೇಳೋಣ ಅಂದೆ. ನನ್ನ ಜೊತೆ ಕೆಲಸ ಮಾಡುವ ಸೌಂದರ್ಯ ಒಬ್ಬಳ ತಪ್ಪು ಅಂದುಕೊಂಡಿದ್ದರಲ್ಲಿ ನಮ್ಮೆಲ್ಲರ ಪಾಲೂ ಚೂರುಚೂರು ಇತ್ತು. ಹರಾಜಿನ ಹಿಂದಿನ ದಿನ ಸಾಫ್ಟ್‌ವೇರನ್ನು ಯಾರೂ ಮುಟ್ಟಬಾರದು ಅಂತ ತೀರ್ಮಾನ ಮಾಡಿ ಎದ್ದೆವು.

ನಿನ್ನೆ ಅದನ್ನೇ ಮನೆಯಲ್ಲಿ ಮಾಡಿದೆ. ನಗಬೇಡ. ಅಬ್ಬಾ ಎದುರಿಗಿದ್ದರೆ ನಮ್ಮ ಮನೆಯಲ್ಲಿ ಯಾರು ತುಟಿಪಿಟಕ್ ಅಂತಾರೆ? ಅಮ್ಮಿಯನ್ನು ದಫನ್ ಮಾಡಿ ಬಂದ ಅಬ್ಬಾ ನಿನಗೆ "ಗ್ಯಾಸು ಗ್ಯಾಸು ಅಂತ ಕೂತ್ಕಂಡು ನಿಮ್ಮಮ್ಮನ್ನ ನೀನೇ ಸಾಯಿಸ್ದೆ ಕಣ್ಲಾ" ಅಂದರು, ನೀನು ಬ್ಯಾಗು ಎತ್ತಿಕೊಂಡು ಹೊರಟೆ, ಅಲ್ಲಿಗೆ ಮಾತು ನಿಂತಿತ್ತು. ಅಬ್ಬಾರನ್ನು ಜಗಲಿಯಲ್ಲಿ ಕೂರಿಸಿ, ಚಹಾ ಕೊಟ್ಟು, ಬಾಗಿಲು ಮುಂದಕ್ಕೆ ಮಾಡಿ ನಾನು, ತಮ್ಮ ಇಮ್ದಾದ್, ಅಬ್ಬಾರ ತಂಗಿಯಾದರೂ ಅವರಿಗೆ ಹೆದರುವ ರುಕ್ಸಾನ ಫೂಫಿ ಕೂತೆವು. ಅವತ್ತು ರಾತ್ರಿ ಅಮ್ಮಿ ಎದೆನೋವು ಅಂದಾಗ ಓಮದ ನೀರು ಕುಡಿಸಿದ್ದು ತಾನೇ ಅಂದರು ಫೂಫಿ. ನಮ್ಮ ವ್ಯಾನಿನ ಎಂಜಿನ್ ಅವತ್ತೇ ಬಿಚ್ಚಿ ಹಾಕಿದ್ದವನು ಇಮ್ದಾದ್. ನಾನಂತೂ ಆಫೀಸಿನಿಂದ ಬಂದವಳೇ ಮಲಗಿಬಿಟ್ಟಿದ್ದೆ. ನೀನು ಆಟೋ ತರಲು ಹೊರಟಾಗ, ಬೆಳಗಾಗಲಿ ಬುಡು ಅಂತ ತಡೆದದ್ದು ಅಮ್ಮಿಯೇ ಅಂತೆ. ಇಷ್ಟನ್ನು ಇಲ್ಲಿಯತನಕ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಫೂಫಿ ಅತ್ತರು, ಇಮ್ದಾದ್ ಅತ್ತ. ನಾನು ಇಬ್ಬರ ಮುಂದೆಯೂ ನೀರಿನ ಲೋಟ ಇಟ್ಟೆ.

ಬಾಗಿಲು ತೆಗೆದರೆ ಅಬ್ಬಾ ಅದಕ್ಕೇ ಒರಗಿ ಕೂತಿದ್ದರು. ಚಹಾ ಕೆನೆಗಟ್ಟಿತ್ತು. ಯಾರು ಏನಂದಿರಿ ಅಂತ ಕೇಳಲಿಲ್ಲ. ಟೋಪಿ ಹಾಕಿಕೊಂಡು ಮಸೀದಿ ಕಡೆ ನಡೆದರು.

ಫೂಫಿ ದುವಾ ಹೇಳಿದ್ದಾರೆ, ಇಮ್ದಾದ್ ಸಲಾಮ್ ಹೇಳಿದ್ದಾನೆ. ಅಲ್ಲಾಹ್ ನಿನ್ನ ಕೈಗೆ ಕಸುವು ಕೊಡಲಿ.

ನಿನ್ನ ತಂಗಿ
ತರನ್ನುಮ್

ಇದನ್ನು ಮೊದಲೇ ಬರೆಯಬೇಕಿತ್ತು: ಅಬ್ಬಾ ಬರುವ ಭಾನುವಾರ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಬರುತ್ತಿದ್ದಾರೆ. ಗೇರ್‌ಬಾಕ್ಸಿನ ಸಾಮಾನು ನೋಡಬೇಕಂತೆ. ಆ ಸಾಮಾನು ತಿಪಟೂರಿನಲ್ಲೇ ಸಿಗುತ್ತದೆ. ಅವತ್ತು ಗ್ಯಾರೇಜು ಬಿಟ್ಟು ಎಲ್ಲಿಗೂ ಹೋಗಬೇಡ. ಕ್ಷಮಿಸು ಅನ್ನುವ ಮಾತು ಅವರ ಬಾಯಲ್ಲಿ ಬರುವುದಿಲ್ಲ. "ಊಟ ಆಯ್ತೇನ್ಲಾ" ಅಂತ ಕೇಳುತ್ತಾರೆ. ಆಗಿದ್ದರೂ ಇಲ್ಲ ಅನ್ನು.