ಯಾರಿಗೂ ಬೇಡವಾದ ಹೋಬಳಿ

ರಾಜಧಾನಿ,
ಶುಕ್ರವಾರ ಬೆಳಿಗ್ಗೆ, ಮಾರ್ಚ್ ೯, ೧೮೮೩

ನನ್ನ ಪ್ರೀತಿಯ, ಆದರೆ ಈ ಹೊತ್ತು ನನಗೆ ಬಹಳ ಕೋಪ ಬರಿಸಿರುವ ಏಸಹೆಲ್ ದೊಡ್ಡಪ್ಪನವರಿಗೆ,

ನಿಮ್ಮ ಕಾಗದ ಮಂಗಳವಾರ ಕೈಸೇರಿತು. ಓದುತ್ತ ಮೊದಲು ನಕ್ಕೆ, ಆಮೇಲೆ ಹೆದರಿದೆ. ಹೋದ ಶನಿವಾರ ನೀವು ಅಂಗಡಿಯ ಬೆಂಚಿನ ಮೇಲೆ ಹತ್ತಿ ನಿಂತು, ಕೈಯಲ್ಲಿ ಅರ್ಧ ಹೊಲಿದ ಬೂಟು ಹಿಡಿದುಕೊಂಡೇ, "ನಮ್ಮ ಥಿರ್ಜಾ ಇದಾಳಲ್ಲ, ಒಂದೇ ಒಂದು ಪೆನ್ನಿನ ಮೊನೇಲಿ ಎಂಬತ್ತು ಜನ ಶಾಸಕರನ್ನ ಮಕಾಡೆ ಕೆಡವಿದಳು ಕಣ್ರೋ!" ಎಂದು ಸಾರಿದಿರಂತೆ. ಊರೆಲ್ಲ ಸೇಬಿನ ರಸ ಕುಡಿದು ನನ್ನ ಹೆಸರಲ್ಲಿ ಜೈಕಾರ ಹಾಕಿತಂತೆ.

ದೊಡ್ಡಪ್ಪ, ನಾನು ಯಾರನ್ನೂ ಕೆಡವಲಿಲ್ಲ. ಅವರೇ ಬಿದ್ದರು. ದಯವಿಟ್ಟು ನಾಳೆಯೇ ಅದೇ ಬೆಂಚು ಹತ್ತಿ, ಅದೇ ಜನರ ಮುಂದೆ ಈ ಕಾಗದವನ್ನು ಗಟ್ಟಿಯಾಗಿ ಓದಬೇಕು. ಅದಕ್ಕೆಂದೇ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಅಲ್ಲಿ ಕೂತವರಿಗೆಲ್ಲ ಅರ್ಥವಾಗಬೇಕು.

ಜನವರಿಯಲ್ಲಿ ಅಧಿವೇಶನ ಶುರುವಾದಾಗ ನಾನು ನಕಲು ಕೋಣೆಗೆ ಸೇರಿದೆ. ನಾವು ಆರು ಜನ ಹೆಂಗಸರು. ಸದನದ ಮುಂದೆ ಹೋಗುವ ಪ್ರತಿ ಮಸೂದೆಯ ಶುದ್ಧಪ್ರತಿಯನ್ನೂ ನಾವೇ ಕೈಯಲ್ಲಿ ಬರೆಯಬೇಕು. ಮೊದಲ ದಿನವೇ ಬೈಬಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿಸಿದರು. ಕರಡಿನಲ್ಲಿ ಹೊಡೆದುಹಾಕಿದ್ದನ್ನು ಬರೆಯಕೂಡದು, ಅಂಚಿನಲ್ಲಿ ಸೇರಿಸಿದ್ದನ್ನು ಬಿಡಕೂಡದು, ನಮ್ಮ ತಲೆಯಿಂದ ಒಂದು ಅಲ್ಪವಿರಾಮವನ್ನೂ ಹಾಕಕೂಡದು. ಮತ ಹಾಕುವ ಹಕ್ಕು ನಮಗಿಲ್ಲ, ಮತಕ್ಷೇತ್ರಗಳನ್ನು ದುಂಡಗೆ ಬರೆಯುವ ಹಕ್ಕು ಮಾತ್ರ ಉಂಟು. ಇದರ ಬಗ್ಗೆ ನನ್ನ ಅಭಿಪ್ರಾಯ ಏನೆಂದು ನಿಮ್ಮ ಅಂಗಡಿಯ ದಾರಕ್ಕೆ ನೇತುಹಾಕಿದ ಕರಪತ್ರಗಳಿಗೇ ಗೊತ್ತು. ಅದನ್ನು ಇಲ್ಲಿ ಬರೆಯತೊಡಗಿದರೆ ಮಧ್ಯಾಹ್ನದ ರೈಲು ತಪ್ಪುತ್ತದೆ.

ಫೆಬ್ರವರಿಯಲ್ಲಿ ಕ್ಷೇತ್ರ ಮರುವಿಂಗಡಣೆಯ ಮಸೂದೆ ನನ್ನ ಮೇಜಿಗೆ ಬಂತು. ಅದರ ಜೊತೆಗಿದ್ದ ನಕ್ಷೆಯನ್ನು ನೀವು ನೋಡಬೇಕಿತ್ತು! ನಾಯಿ ಅಗಿದು ಬಿಟ್ಟ ಬೂಟಿನ ಹಾಗೊಂದು ಕ್ಷೇತ್ರ. ಇನ್ನೊಂದು ಎಷ್ಟು ಸಪೂರವೆಂದರೆ ನಿಮ್ಮ ಮೇಣದ ದಾರವೇ ಅದರ ಮುಂದೆ ದಪ್ಪ. ಎಲ್ಲೆಲ್ಲಿ ನಮ್ಮ ರೈತ ಪಕ್ಷದ ಜನ ಹೆಚ್ಚಿದ್ದಾರೋ ಅಲ್ಲೆಲ್ಲ ಗೆರೆ ಡೊಂಕಾಗಿ ನಡೆದಿತ್ತು. ಅದನ್ನು ಎಳೆದವರು ಇಬ್ಬರು, ಹದಿಮೂರನೆಯ ಕ್ಷೇತ್ರದ ಪೆಂಡರ್‌ಗ್ರಾಸ್ಟ್ ಮತ್ತು ಹದಿನಾಲ್ಕನೆಯ ಕ್ಷೇತ್ರದ ಡನ್ಫಿ. ಪೆಂಡರ್‌ಗ್ರಾಸ್ಟ್ ಸಮಿತಿಯ ಅಧ್ಯಕ್ಷರು. ಇಬ್ಬರೂ ಒಂದೇ ಪಕ್ಷ, ಒಂದೇ ಮೇಜು, ಒಂದೇ ಉಗುಳುವ ಪಾತ್ರೆ.

ನಮ್ಮ ಕ್ರೇನ್ ಕ್ರೀಕ್ ಹೋಬಳಿ ಈ ಇಬ್ಬರ ಕ್ಷೇತ್ರಗಳ ನಡುವೆ ಕೂತಿದೆ. ಮುನ್ನೂರ ಹನ್ನೊಂದು ಮತ, ಅದರಲ್ಲಿ ಅವರ ಪಕ್ಷಕ್ಕೆ ಬೀಳುವುದು ಹದಿನೆಂಟೋ ಹತ್ತೊಂಬತ್ತೋ. ಅಂಥ ಹೋಬಳಿಯನ್ನು ಯಾರು ತಾನೇ ಮನೆಗೆ ಕರೆದುಕೊಳ್ಳುತ್ತಾರೆ? ಕರಡಿನಲ್ಲಿ ಮೊದಲು ಅದು ಹದಿಮೂರರಲ್ಲಿತ್ತು. ಪೆಂಡರ್‌ಗ್ರಾಸ್ಟ್ ಕಪ್ಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, ಹದಿನಾಲ್ಕರ ಅಂಚಿನಲ್ಲಿ ಬರೆದರು. ಡನ್ಫಿ ತಮ್ಮ ನೇರಳೆ ಶಾಯಿಯಲ್ಲಿ ಅಲ್ಲಿಂದಲೂ ಹೊಡೆದುಹಾಕಿ, ಹದಿಮೂರರ ಕಡೆಗೊಂದು ಬಾಣ ಎಳೆದರು. ಕೊನೆಗೆ ಕಪ್ಪು ಶಾಯಿ ಬಂದು ಆ ಬಾಣವನ್ನೂ ಹೊಡೆದುಹಾಕಿತು. ಕಳ್ಳಬೆಕ್ಕನ್ನು ಪಕ್ಕದ ಮನೆಗೆ ಓಡಿಸಿ ಬಾಗಿಲು ಹಾಕಿಕೊಂಡ ಹಾಗೆ. ಪಕ್ಕದ ಮನೆಯವರೂ ಬಾಗಿಲು ಹಾಕಿಕೊಂಡಿದ್ದಾರೆ ಎಂದು ಯಾರೂ ನೋಡಲಿಲ್ಲ.

ಬೆಳಿಗ್ಗೆ ಬರೆಯುವಾಗಲೇ ನನಗೆ ಇದು ಕಂಡಿತು. ಇಡೀ ರಾಜ್ಯದಲ್ಲಿ ಕ್ರೇನ್ ಕ್ರೀಕ್ ಮಾತ್ರ ಯಾವ ಕ್ಷೇತ್ರದಲ್ಲೂ ಇಲ್ಲ! ಪ್ರತಿ ಹೋಬಳಿಯೂ ಯಾವುದಾದರೊಂದು ಕ್ಷೇತ್ರದಲ್ಲಿ ಇರಲೇಬೇಕು ಎಂದು ರಾಜ್ಯದ ಸಂವಿಧಾನ ಹೇಳುತ್ತದೆ. ಒಂದು ಬಿಟ್ಟುಹೋದರೂ ಕಾಯಿದೆಯೇ ನಿಲ್ಲುವುದಿಲ್ಲ, ಹಳೆಯ ಕ್ಷೇತ್ರಗಳೇ ಮುಂದುವರಿಯುತ್ತವೆ. ನನಗೆ ಕುಣಿಯಬೇಕೆನ್ನಿಸಿತು. ನಾನೂ ಮನುಷ್ಯಳೇ. ಯಾರಿಗೂ ಹೇಳದೆ ಮಧ್ಯಾಹ್ನದವರೆಗೆ ಸುಮ್ಮನಿದ್ದೆ. ಆ ಅರ್ಧ ದಿನ ನನ್ನ ಕಳ್ಳತನ. ಅದನ್ನು ಬೆಂಚಿನ ಮೇಲಿಂದ ಗಟ್ಟಿಯಾಗಿಯೇ ಓದಿ, ನನಗೆ ಬೇಸರವಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಪ್ರತಿಯನ್ನು ಕರಡಿನೊಂದಿಗೆ ತಾಳೆ ನೋಡುವುದು ನಮ್ಮ ಪದ್ಧತಿ. ಒಬ್ಬರು ಕರಡನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪ್ರತಿಯ ಮೇಲೆ ಅಡಿಪಟ್ಟಿ ಇಟ್ಟು ಸಾಲು ಸಾಲಾಗಿ ನೋಡುತ್ತಾರೆ. ನನ್ನ ಜೊತೆಗಾತಿ ಲೊವೈನಾ ಟಟಲ್ ಎಂಬ ವಿಧವೆ. ನಾನು ಬಾಡಿಗೆಗಿರುವುದೂ ಆಕೆಯ ಮನೆಯಲ್ಲೇ. ಹದಿನಾಲ್ಕನೆಯ ಕ್ಷೇತ್ರ ಮುಗಿಯುತ್ತಲೇ ಆಕೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಥಿರ್ಜಾ, ನಿಮ್ಮೂರೆಲ್ಲಮ್ಮಾ?"

"ಎಲ್ಲೂ ಇಲ್ಲ ಅಕ್ಕಾ."

"ಯಾವಾಗಿಂದ ಗೊತ್ತು ನಿಂಗೆ?"

ನನ್ನ ಮುಖ ನೋಡಿಯೇ ತಿಳಿದುಕೊಂಡರೂ ಆಕೆ ಬೈಯಲಿಲ್ಲ. ತಮ್ಮ ಶಾಲನ್ನು ಹೊದ್ದುಕೊಂಡು, "ಏಳು, ಹೋಗಿ ಹೇಳಿ ಬರೋಣ. ಆಮೇಲೆ ಅವರ ಪಾಡು" ಎಂದರು. ನನಗೆ ನಾಚಿಕೆಯಾಯಿತು. ದೊಡ್ಡವರ ಮೋಸದ ಬಗ್ಗೆ ಅಷ್ಟೊಂದು ಕರಪತ್ರ ಓದಿದವಳು ಎಂಬ ಜಂಬ ನನಗೆ. ಆಕೆ ಓದಿದ್ದು ಬೈಬಲು ಮತ್ತು ಪಂಚಾಂಗ ಮಾತ್ರ.

ಸಮಿತಿ ಕೋಣೆಯಲ್ಲಿ ಪೆಂಡರ್‌ಗ್ರಾಸ್ಟ್ ಸರ್ಕಾರ ಕೊಟ್ಟ ಚಾಕುವಿನಿಂದ ಸೇಬಿನ ಸಿಪ್ಪೆ ತೆಗೆಯುತ್ತಿದ್ದರು. ನೆಲದ ತುಂಬ ಕಡಲೆಕಾಯಿ ಸಿಪ್ಪೆ. ನಾಲ್ಕೈದು ಜನ ಶಾಸಕರು ಕಾಲು ಮೇಜಿನ ಮೇಲಿಟ್ಟು ಕೂತಿದ್ದರು. ನಾನು, "ಸ್ವಾಮಿ, ಮಸೂದೆಯಲ್ಲಿ ಒಂದು ಹೋಬಳಿ ಬಿಟ್ಟುಹೋಗಿದೆ" ಎಂದೆ.

"ಯಾವುದಮ್ಮ ಅದು?"

"ಕ್ರೇನ್ ಕ್ರೀಕ್."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಓ, ಅದಾ! ಅದು ಡನ್ಫಿ ತಲೆ ಮೇಲೆ ಕೂತಿದೆ, ಬಿಡು. ನೋಡು ಹುಡುಗಿ, ಸರ್ಕಾರ ನಿನ್ನನ್ನ ಇಟ್ಕೊಂಡಿರೋದು ಬರೆಯೋಕೆ, ಓದೋಕಲ್ಲ."

ಲೊವೈನಕ್ಕ ಮೆತ್ತಗೆ ಕೇಳಿದರು, "ಓದದೆ ಬರೆಯೋದು ಹೇಗೆ ಸ್ವಾಮಿ?"

"ಕೋಳಿ ತಿಪ್ಪೇಲಿ ಕೆದರಲ್ವೇನಮ್ಮಾ, ಹಾಗೆ!"

ಕೋಣೆಯೆಲ್ಲ ನಕ್ಕಿತು. ನಾವು ಬಂದು, ಕೋಳಿಗಳಂತೆಯೇ, ಕರಡಿನಲ್ಲಿದ್ದುದನ್ನು ಇದ್ದ ಹಾಗೆ ತಾಳೆ ನೋಡಿ ಮುಗಿಸಿದೆವು. ಕರಡನ್ನೂ ಪ್ರತಿಯನ್ನೂ ಒಟ್ಟಿಗೆ ಸೇರಿಸಿ ಕೆಂಪು ಪಟ್ಟಿಯಿಂದ ಕಟ್ಟಿ ಕಳಿಸಿದೆವು.

ಆಮೇಲೂ ಅವರಿಗೆ ದಾರಿಯಿತ್ತು. ಮಸೂದೆಯನ್ನು ಮೂರು ಬೇರೆ ಬೇರೆ ದಿನ, ಮೂರು ಸಲ, ಪೂರ್ತಿಯಾಗಿ ಸದನದಲ್ಲಿ ಓದಬೇಕು ಎಂಬ ನಿಯಮವಿದೆ. ಆದರೆ ಯಾವ ಕಾಲದಿಂದಲೋ ನಡೆದು ಬಂದ ರೂಢಿ ಬೇರೆ. ಓದುವ ಗುಮಾಸ್ತರು ಎದ್ದು ಹೆಸರು ಓದುತ್ತಾರೆ, ಮೊದಲ ಸಾಲು ಓದುತ್ತಾರೆ, ಆಮೇಲೆ ಜೇನುನೊಣದ ಹಾಗೆ ಗುಂಯ್ ಎನ್ನುತ್ತ ಹಾಳೆ ಮಗುಚಿ, "ಜಾರಿಗೆ ಬರತಕ್ಕದ್ದು" ಎಂದು ಕೂರುತ್ತಾರೆ. ಎಂಬತ್ತು ಜನರೂ ಪತ್ರಿಕೆ ಓದುತ್ತ, ಹಲ್ಲು ಚುಚ್ಚುತ್ತ ಕೂತಿರುತ್ತಾರೆ. ಮೂರು ಸಲವೂ ನಾನು ಮೇಲಿನ ಮೊಗಸಾಲೆಯಲ್ಲಿ ನಿಂತು ನೋಡಿದೆ. ಒಬ್ಬರೇ ಒಬ್ಬರು ಕೇಳಿಸಿಕೊಂಡಿದ್ದರೆ ಸಾಕಿತ್ತು. ನಮ್ಮ ಪಕ್ಷದ ಹದಿನಾಲ್ಕು ಜನ ಶಾಸಕರೂ ಕೇಳಿಸಿಕೊಳ್ಳಲಿಲ್ಲ ಎಂಬುದನ್ನು ಬೆಂಚಿನ ಮೇಲಿಂದ ಸ್ವಲ್ಪ ಜೋರಾಗಿಯೇ ಓದಿ.

ಮಸೂದೆ ಪಾಸಾಯಿತು, ರಾಜ್ಯಪಾಲರ ಸಹಿಯೂ ಬಿತ್ತು, ಕ್ಷೇತ್ರಗಳ ಪಟ್ಟಿ ಪತ್ರಿಕೆಯಲ್ಲಿ ಬಂತು. ನಮ್ಮೂರ ಹೆಸರಿಲ್ಲ ಎಂದು ನೀವು ಕಂಡುಹಿಡಿದ ಹೊತ್ತಿಗೇ ಇಲ್ಲಿಯೂ ಯಾರೋ ಕಂಡುಹಿಡಿದರು. ಮೊನ್ನೆ ಸೋಮವಾರ ಅಧಿವೇಶನದ ಕೊನೆಯ ದಿನವಾಗಿತ್ತು. ತಿದ್ದುಪಡಿಗೆ ಮತ್ತೆ ಮೂರು ದಿನದ ಓದು ಬೇಕು, ಇದ್ದದ್ದು ಒಂದೇ ದಿನ. ಆ ದಿನದ ಸದನವನ್ನು ನೆನೆದರೆ ಈಗಲೂ ನಗು ತಡೆಯುವುದಿಲ್ಲ.

"ಅದು ನಿಮ್ಮ ಹದಿನಾಲ್ಕರಲ್ಲಿತ್ತು ಡನ್ಫಿ!"

"ನನ್ನಲ್ಲಿ ಯಾಕಿರುತ್ತೆ ಸ್ವಾಮಿ? ನೀವೇ ಅಲ್ವಾ ಅದನ್ನ ಮುದ್ದು ಮಾಡಿ ಇಟ್ಕೊಂಡಿದ್ದು?"

ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಇಬ್ಬರಿಗೂ ಬೇಡವಾದ್ರೆ ಪಕ್ಕದ ರಾಜ್ಯಕ್ಕೆ ಕೊಟ್ಬಿಡ್ರಪ್ಪಾ!"

ಇಷ್ಟಕ್ಕೇ ಮುಗಿದಿದ್ದರೆ ನಾನೂ ಸೇಬಿನ ರಸ ಕುಡಿಯುತ್ತಿದ್ದೆ. ಮುಗಿಯಲಿಲ್ಲ. ಹೋದ ಶನಿವಾರ ನಿಮ್ಮ ಅಂಗಡಿಯಲ್ಲಿ ಬೂಟಿಗೆ ಹಿಮ್ಮಡಿ ಹೊಡೆಸಿಕೊಳ್ಳಲು ಕೂತಿದ್ದ ಒಬ್ಬ ಕೆಂಪು ಗಡ್ಡದವನು ನೆನಪಿದ್ದಾನೆಯೇ? ಅವನು ಡನ್ಫಿಯ ಭಾವಮೈದ. ನೀವು ಬೆಂಚಿನ ಮೇಲಿಂದ ಸಾರಿದ್ದನ್ನು ಅಕ್ಷರ ಬಿಡದೆ ಇಲ್ಲಿಗೆ ಮುಟ್ಟಿಸಿದ. ಈಗ ಪೆಂಡರ್‌ಗ್ರಾಸ್ಟ್ ಹೊಸ ರಾಗ ಹಾಡುತ್ತಿದ್ದಾರೆ. ಹೋಬಳಿಯನ್ನು ತಾವು ಬಿಡಲಿಲ್ಲವಂತೆ, ನಕಲು ಮಾಡುವ ಹುಡುಗಿ ಬೇಕೆಂದೇ ಕರಡಿನಲ್ಲಿ ಗೀಚಿ ಬಿಟ್ಟಳಂತೆ, ಅವಳ ಊರಿನವರೇ ಅದನ್ನು ಹೇಳಿಕೊಂಡು ಕುಣಿಯುತ್ತಿದ್ದಾರಂತೆ.

ಇಲ್ಲಿ ಎಲ್ಲರೂ ಕಿವಿಗೊಟ್ಟು ಕೇಳಬೇಕು. ತಪ್ಪು ಸದನದ್ದಾದರೆ ಕಾಯಿದೆ ಬಿದ್ದುಹೋಗುತ್ತದೆ. ತಪ್ಪು ನಕಲಿನದ್ದಾದರೆ ರಾಜ್ಯ ಕಾರ್ಯದರ್ಶಿಗಳು ಒಂದು ಸಾಲು ಸೇರಿಸಿ ಅದನ್ನು ಎಬ್ಬಿಸಿ ನಿಲ್ಲಿಸಬಹುದು, ಆ ನಾಯಿ ಅಗಿದ ಬೂಟು ಹತ್ತು ವರ್ಷ ನಮ್ಮ ಕಾಲಲ್ಲೇ ಇರುತ್ತದೆ. ನೀವು ನನ್ನನ್ನು ಹೊಗಳಿದಷ್ಟೂ ಪೆಂಡರ್‌ಗ್ರಾಸ್ಟ್ ಗೆಲ್ಲುತ್ತಾರೆ. ಬರುವ ಬುಧವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಯದರ್ಶಿಗಳ ಮುಂದೆ ವಿಚಾರಣೆ ಇದೆ. ಲೊವೈನಕ್ಕ ಸಾಕ್ಷಿ ಹೇಳುತ್ತಾರೆ. ಎರಡು ಬಣ್ಣದ ಶಾಯಿಯ ಕರಡೂ ಅಲ್ಲೇ ಇದೆ. ನಕಲು ಕೋಣೆಯಲ್ಲಿ ನೇರಳೆ ಶಾಯಿ ಇಡುವುದೇ ಇಲ್ಲ. ಆದರೂ ಆಕೆ ನನ್ನ ಜೊತೆಗಾತಿ, ನಾನು ಕ್ರೇನ್ ಕ್ರೀಕಿನವಳು. "ಇಬ್ಬರೂ ಸೇರಿ ಆಡಿದ ಆಟ" ಎನ್ನಲು ಎಷ್ಟು ಹೊತ್ತು?

ಗಟ್ಟಿಯಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸಿ, ದೊಡ್ಡಪ್ಪ. ಮುಂದಿನದನ್ನು ಓದುವುದೂ ಬಿಡುವುದೂ ನಿಮಗೆ ಸೇರಿದ್ದು.

ಫೆಬ್ರವರಿ ಮೊದಲ ವಾರ ನೀವು ನನಗೊಂದು ಕಾಗದ ಬರೆದಿರಿ. "ಮಗಳೇ, ಆ ಮಸೂದೆ ನಿನ್ನ ಕೈಗೆ ಬಂದ್ರೆ ಒಂದು ಸಾಲು ಜಾರಿಸಿಬಿಡು, ಯಾರಿಗೆ ಗೊತ್ತಾಗುತ್ತೆ?" ಎಂದಿದ್ದಿರಿ. ಆ ಸಾಲು ಓದಿ ನನಗೆ ಊಟ ಸೇರಲಿಲ್ಲ. ನನಗೆ ಅಕ್ಷರ ಕಲಿಸಿದ್ದು ನೀವು. ಕರಪತ್ರದಲ್ಲಿ "ಜನರ ಇಚ್ಛೆ" ಎಂಬ ಮಾತು ಬಂದಾಗಲೆಲ್ಲ ಟೋಪಿ ತೆಗೆದು ಓದುತ್ತಿದ್ದವರು ನೀವು. ಅವರು ಗೆರೆ ಕದ್ದರೆ ನಾವು ಸಾಲು ಕದಿಯಬೇಕೆ? ಹಾಗಾದರೆ ನಮಗೂ ಅವರಿಗೂ ಶಾಯಿಯ ಬಣ್ಣ ಬಿಟ್ಟರೆ ವ್ಯತ್ಯಾಸವೇನು? ಇದನ್ನೇ ಇದಕ್ಕಿಂತ ಒರಟಾಗಿ ಅವತ್ತೇ ಉತ್ತರ ಬರೆದೆ. ಆಮೇಲೆ ಮೂರು ವಾರ ನಿಮ್ಮಿಂದ ಕಾಗದವೇ ಬರಲಿಲ್ಲ. ಪಟ್ಟಿಯಲ್ಲಿ ಊರ ಹೆಸರು ಕಾಣದಿದ್ದಾಗ ಮಾತ್ರ, ನನ್ನ ಸಿಟ್ಟೆಲ್ಲ ಬರೀ ನಾಟಕ, ಒಳಗೊಳಗೇ ನಿಮ್ಮ ಮಾತು ನಡೆಸಿಕೊಟ್ಟೆ ಎಂದುಕೊಂಡಿರಿ. ನನ್ನನ್ನು ಅಷ್ಟು ಪ್ರೀತಿಯಿಂದ ತಪ್ಪು ತಿಳಿದುಕೊಂಡವರು ಈ ಲೋಕದಲ್ಲಿ ಇನ್ನಾರೂ ಇಲ್ಲ.

ನಾನು ಬರೆದ ಆ ಉತ್ತರ ನಿಮ್ಮಲ್ಲಿದೆಯೇ? ಒಲೆಗೆ ಹಾಕಿಲ್ಲ ತಾನೇ? ಅಂಚೆಯ ಮುದ್ರೆಯಲ್ಲಿ ತಾರೀಕು ಇದೆ, ಮಸೂದೆ ನನ್ನ ಮೇಜಿಗೆ ಬರುವುದಕ್ಕೆ ಎಂಟು ದಿನ ಮುಂಚಿನದು. ಒಂದು ಸಾಲನ್ನೂ ಜಾರಿಸುವುದಿಲ್ಲ ಎಂದು ನಾನು ಬರೆದುಕೊಟ್ಟ ಸಾಕ್ಷಿ ಅದು. ಆದರೆ ಅದನ್ನು ಓದಿದವರಿಗೆ, ಜಾರಿಸು ಎಂದು ಕೇಳಿದ್ದು ನೀವು ಎಂಬುದೂ ತಿಳಿಯುತ್ತದೆ. ಪತ್ರಿಕೆಯಲ್ಲೂ ಬರಬಹುದು. ಮೂವತ್ತು ವರ್ಷ ಆ ಬೆಂಚಿನಿಂದ ಊರಿಗೆ ನ್ಯಾಯ ಹೇಳಿದವರಿಗೆ ಅದು ಸಣ್ಣ ಮಾತಲ್ಲ. ನಿಮ್ಮ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ನಾನಾಗಿ ತೆಗೆಯುವುದಿಲ್ಲ. ಯಾರಾದರೂ ನೇರವಾಗಿ ಕೇಳಿದರೆ ಮಾತ್ರ ಸುಳ್ಳು ಹೇಳಲಾರೆ. ನನ್ನ ಉತ್ತರ ನಿಮ್ಮ ಕೈಯಲ್ಲಿದೆ, ಕಳಿಸುವುದೂ ಬಿಡುವುದೂ ನಿಮ್ಮ ಇಚ್ಛೆ. ಸೋಮವಾರದ ರೈಲಿಗೆ ಹಾಕಿದರೆ ಮಂಗಳವಾರ ನನಗೆ ಸಿಗುತ್ತದೆ. ಸಿಗದಿದ್ದರೂ ಬುಧವಾರ ಹತ್ತಕ್ಕೆ ತಲೆ ಬಾಚಿಕೊಂಡು, ನೀವೇ ಹೊಲಿದ ಬೂಟು ಹಾಕಿಕೊಂಡು ಅಲ್ಲಿ ನಿಲ್ಲುತ್ತೇನೆ. ಆ ಮಸೂದೆ ಹಾಳಾಗಲಿ ಎಂದು ಬಯಸಿದ್ದೆಯಾ ಎಂದರೆ ಹೌದು ಎನ್ನುತ್ತೇನೆ. ಹಾಳು ಮಾಡಿದೆಯಾ ಎಂದರೆ ಇಲ್ಲ ಎನ್ನುತ್ತೇನೆ.

ನಿಮ್ಮ ಮೇಲೆ ಕೋಪ ಇನ್ನು ಉಳಿದಿಲ್ಲ. ಬರೆಯುತ್ತ ಬರೆಯುತ್ತ ಅದು ಎಲ್ಲೋ ಸೋರಿಹೋಯಿತು. ಕೆಳಗೆ ಲೊವೈನಕ್ಕ ಜೋಳದ ರೊಟ್ಟಿ ಆರಿಹೋಗುತ್ತದೆಂದು ಕೂಗುತ್ತಿದ್ದಾರೆ.

ಒಂದಲ್ಲ ಒಂದು ದಿನ ಅವರು ಮತ್ತೆ ಕೂತು ನಮ್ಮ ಹೋಬಳಿಯನ್ನು ಯಾವುದೋ ಸೊಟ್ಟ ಕ್ಷೇತ್ರಕ್ಕೆ ಸೇರಿಸಿಯೇ ಸೇರಿಸುತ್ತಾರೆ, ದೊಡ್ಡಪ್ಪ. ಆಗಲೂ ನನಗೆ ಇದೇ ಕೆಲಸವಿದ್ದರೆ ಆ ಮಸೂದೆಯನ್ನು ನಾನೇ ಕೇಳಿ ಪಡೆಯುತ್ತೇನೆ. ಕ್ರೇನ್ ಕ್ರೀಕ್ ಎಂಬ ಹೆಸರನ್ನು ಇಡೀ ಹಾಳೆಯಲ್ಲೇ ಚೆಂದವಾಗಿ ಬರೆಯುತ್ತೇನೆ. ನೀವೆಲ್ಲ ಆ ಕ್ಷೇತ್ರಕ್ಕೆ ಹೋಗಿ, ಮುನ್ನೂರ ಹನ್ನೊಂದು ಮತವನ್ನೂ ಹಗಲು ಬೆಳಕಿನಲ್ಲಿ ಹಾಕಿ, ಸೋಲುವುದಾದರೆ ಸೋತು ಬನ್ನಿ.

ನಿಮ್ಮ ಕೈಗೆ ಬಲವೂ ಕಣ್ಣಿಗೆ ಬೆಳಕೂ ಬಹುಕಾಲ ಇರಲಿ. ಈ ಕಾಗದ ಮಡಿಸುವಾಗ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟಂತೆ ನೆನೆಸಿಕೊಳ್ಳಿ.

ನೀವು ಅಕ್ಷರ ಕಲಿಸಿದ,
ಥಿರ್ಜಾ