ಬಿದ್ದ ಚರ್ಚಿನ ಹೊಸ್ತಿಲು

೧೬-೯-೧೯೫೬, ಭಾನುವಾರ. ಹುನಗುಂದ.

ನಿನ್ನೆಯ ಮಳೆಗೆ ನಮ್ಮ ಮಣ್ಣಿನ ಚರ್ಚು ಬಿತ್ತು. ಉಳಿದದ್ದು ಪೀಠ ಮತ್ತು ಬಾಗಿಲಿದ್ದ ಕಡೆಯ ಕಲ್ಲಿನ ಹೊಸ್ತಿಲು. ಚರ್ಚೇ ಇಲ್ಲದ ಮೇಲೆ ಪೂಜೆ ಎಲ್ಲಾದರೇನು, ಶಾಲೆಯ ಪಡಸಾಲೆಗೆ ಬನ್ನಿ ಎಂದು ಬೆಳಿಗ್ಗೆ ಎಲ್ಲರಿಗೂ ಹೇಳಿ ಕಳಿಸಿದೆ. ಒಬ್ಬರೂ ಬರಲಿಲ್ಲ. ಸಿಟ್ಟಿನಿಂದ ಕರೆಯಲು ಹೋದರೆ, ಬಿದ್ದ ಮಣ್ಣು ಸರಿಸಿ ಅಲ್ಲೇ ಕೂತಿದ್ದಾರೆ! ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು, ಚಪ್ಪಲಿಗಳೆಲ್ಲ ಹೊಸ್ತಿಲಿನ ಹೊರಗೆ. ವಾದ ಬೇಡವೆಂದು ಬೂಟುಗಾಲಲ್ಲೇ ಬಿದ್ದ ಗೋಡೆಯ ಮಣ್ಣು ತುಳಿದು ಸೀದಾ ಪೀಠಕ್ಕೆ ಹೋದೆ.

ತಡವಾಗಿ ಬಂದ ಗೌಂಡಿ ಇನ್ನಾಸಪ್ಪನೂ ಹಾಗೆಯೇ ಬಂದ. ಮುದುಕಿ ಮರಿಯವ್ವ ಗದರಿದಳು: "ಏ ಇನ್ನಾಸ, ಗ್ವಾಡಿ ಹಾರಿ ಬರಾಕ ನೀ ಏನ್ ಕಳ್ಳೇನ? ಬಾಗಲಾ ಇಲ್ಲೇನ?"

"ಬಾಗಲಾ ಎಲ್ಲೈತಬೇ ಯವ್ವಾ?" ಎನ್ನುತ್ತಲೇ ಅವನು ತಿರುಗಿ ಹೋಗಿ, ಸುತ್ತು ಹಾಕಿ, ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ ಒಳಗೆ ಬಂದ.

ನನಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ನಾನು ಸ್ವಾಮಿಗಳಲ್ಲವೆ! ಪೂಜೆ ಮುಗಿಯುವವರೆಗೂ ಅದೇ ಕೊರೆಯುತ್ತಿತ್ತು.

ಸಂಜೆ ಅಲ್ಲೇ ಮರೆತಿದ್ದ ಕೈಗಂಟೆ ತರಲು ಹೋದೆ. ಒಂದು ನರಪಿಳ್ಳೆಯೂ ಇರಲಿಲ್ಲ. ಗಂಟೆ ಬಿದ್ದ ಗೋಡೆಯಾಚೆ ಕೈಗೆಟಕುವಷ್ಟು ಹತ್ತಿರವೇ ಇತ್ತು. ಸುತ್ತಿ ಬಂದು, ಬೂಟು ಕಳಚಿ, ಹೊಸ್ತಿಲು ದಾಟಿದೆ.