ಮುರಿದ ಎರಡು ಎಲುಬು

ಬ್ಯಾಡಗಿ
೫ ಫೆಬ್ರುವರಿ ೨೦೨೫

ಪ್ರೀತಿಯ ಅಕ್ಬರಬಿಗೆ, ನಿನ್ನ ಮನೆಯವನ ಸಲಾಂ.

ನಿನ್ನ ಮೊಣಕಾಲು ನೋವು ಹೇಗಿದೆ? ಮಗಳು ಬೇನಜೀರಳಿಗೆ ಊಟ ಸೇರುತ್ತಿದೆಯೇ? ಅವಳ ಹೆರಿಗೆ ಸುಸೂತ್ರವಾಗಿ ಆಯಿತೆಂದು ಮೊನ್ನೆ ನೀನು ರಾಣೆಬೆನ್ನೂರಿನಿಂದ ಫೋನು ಮಾಡಿದಾಗ ನಾನು ಅತ್ತುಬಿಟ್ಟೆ. ಅವಳ ಬಿ.ಪಿ. ಇಳಿಯುವವರೆಗೆ ನಿನಗೊಂದು ಸುದ್ದಿ ತಿಳಿಸಬಾರದೆಂದು ಮನೆಮಂದಿಗೆಲ್ಲ ತಾಕೀತು ಮಾಡಿದ್ದೆ. ಇನ್ನು ಹೇಳಬಹುದು. ಫೋನಿನಲ್ಲಾದರೆ ಅರ್ಧಕ್ಕೇ ಅಳು ಶುರು ಮಾಡುತ್ತೀ, ಅದಕ್ಕೇ ಈ ಕಾಗದ. ನಾನು ಬದುಕಿದ್ದೇನೆ, ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ಇದನ್ನು ಮೊದಲು ತಲೆಯಲ್ಲಿಟ್ಟುಕೊಂಡು ಮುಂದಕ್ಕೆ ಓದು.

ನೀನು ರಾಣೆಬೆನ್ನೂರಿಗೆ ಹೋದ ವಾರವೇ ಮೊಮ್ಮಗಳು ಸಾನಿಯಾಳ ಹೈಸ್ಕೂಲಿನಲ್ಲಿ ಪುಷ್ಪಲತಾ ಟೀಚರು, ಹೃದಯ ನಿಂತವರ ಎದೆ ಒತ್ತಿ ಬದುಕಿಸುವುದನ್ನು ಕಲಿಸಿದರು. ಅದಕ್ಕೊಂದು ರಬ್ಬರಿನ ಗೊಂಬೆ. ಸಾಕಷ್ಟು ಆಳಕ್ಕೆ ಒತ್ತಿದರೆ ಟಕ್ ಎನ್ನುತ್ತದಂತೆ. ಇಡೀ ಒಂಬತ್ತನೆಯ ತರಗತಿಗೆ ಟಕ್ ಎಂದ ಗೊಂಬೆ ನಮ್ಮ ಕಡ್ಡಿಯಂಥ ಹುಡುಗಿಗೆ ಮಾತ್ರ ಬಾಯಿ ಬಿಡಲಿಲ್ಲ. ಮುಖ ಊದಿಸಿಕೊಂಡು ಮನೆಗೆ ಬಂದಳು. ನಲವತ್ತು ವರ್ಷ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಒತ್ತಿ ಒತ್ತಿ ತುಂಬಿದ ಹಮಾಲ ನಾನು, ಸುಮ್ಮನಿರುತ್ತೇನೆಯೇ? ಅಂಗಳದಲ್ಲಿ ಒಂದು ಚೀಲ ಮಲಗಿಸಿದೆ. "ಮೊಣಕೈ ಮಡಚಬ್ಯಾಡ. ತೋಳಿನ ಕೆಲಸ ಅಲ್ಲ ಇದು, ಮೈಭಾರ ಬಿಡು. ಚೀಲಕ್ಕ ನೋವಾಗತೈತಿ ಅಂತ ಅಂಜಬ್ಯಾಡ" ಎಂದೆ. ಅವಳು ಒತ್ತಿದಂತೆಲ್ಲ ಖಾರದ ಧೂಳೆದ್ದು ಇಬ್ಬರೂ ಸೀನಿ ಸೀನಿ ಸುಸ್ತಾದೆವು. ಪಕ್ಕದ ಮನೆ ಪ್ರೇಮವ್ವ ಮೂಗಿಗೆ ಸೆರಗು ಹಿಡಿದು ಬಂದು, "ಗೂಡುಸಾಬಣ್ಣ, ಓಣಿ ಮಂದಿ ಬದುಕಬೇಕೋ ಬ್ಯಾಡೋ?" ಎಂದು ಬೈದಳು. ಮರುದಿನ ಗೊಂಬೆ ಟಕ್ ಎಂದಿತು.

ಅದಾದ ಐದನೆಯ ದಿನ ಬೆಳಿಗ್ಗೆ, ಚಹಾ ಕುಡಿಯುತ್ತ ಕೂತವನು ಹಾಗೇ ಉರುಳಿದೆನಂತೆ. ಉಸಿರಿಲ್ಲ. ಮಗ, ಸೊಸೆ ಇಬ್ಬರೂ ಮಾರ್ಕೆಟ್ಟಿಗೆ ಹೋಗಿದ್ದರು. ಸಾನಿಯಾ ಪ್ರೇಮವ್ವನನ್ನು ಕೂಗಿ, "೧೦೮ಕ್ಕ ಫೋನ್ ಹಚ್ಚರಿ" ಎಂದವಳೇ ನನ್ನ ಎದೆಯ ಮೇಲೆ ಕೈ ಇಟ್ಟಳಂತೆ. ನನಗೇನೂ ನೆನಪಿಲ್ಲ, ಎಲ್ಲ ಪ್ರೇಮವ್ವ ಹೇಳಿದ್ದು. ಎಲುಬು ಲಟಕ್ ಎಂದದ್ದು ಅವಳಿಗೂ ಕೇಳಿಸಿತಂತೆ. "ಸಾಕು ಬಿಡವ್ವಾ, ಸತ್ತ ಮನಷ್ಯಾನ ಮೈ ಯಾಕ ಮುರೀತಿ" ಎಂದರೂ ಹುಡುಗಿ ಅಳುತ್ತ, ಎಣಿಸುತ್ತ, ಆಂಬುಲೆನ್ಸ್ ಬರುವವರೆಗೆ ಹನ್ನೊಂದು ನಿಮಿಷ ಒತ್ತಿದಳಂತೆ. ಹಾವೇರಿಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಒಂದು ದಿನ ನೀನು ಫೋನಿನಲ್ಲಿ, "ಅದೇನು ಟುಂಯ್ ಟುಂಯ್ ಸಪ್ಪಳ?" ಎಂದಾಗ ಮಾರ್ಕೆಟ್ಟಿನ ತೂಕದ ಯಂತ್ರ ಎಂದಿದ್ದೆನಲ್ಲ, ಅದು ನನ್ನ ಹೃದಯಕ್ಕೆ ಹಚ್ಚಿದ್ದ ಯಂತ್ರ. ಸುಳ್ಳಿಗೆ ಮಾಫಿ ಮಾಡು. ಮನೆಗೆ ಬಂದು ನಾಲ್ಕು ದಿನವಾಯಿತು. ಸೊಸೆಯ ಉಪ್ಪಿಲ್ಲದ ಸಾರು ಬಿಟ್ಟರೆ ಬೇರೆ ಕಷ್ಟವಿಲ್ಲ. ಬೆಳಿಗ್ಗೆ ಎಚ್ಚರವಾಗಿ ಹೊರಗೆ ಗಾಡಿಗಳ ಸಪ್ಪಳ ಕೇಳಿದರೆ ಎಷ್ಟು ಹಗುರೆನಿಸುತ್ತದೆ ಎಂದು ಬರೆಯಲು ನನಗೆ ಬರುವುದಿಲ್ಲ. ನಿನ್ನ ಬೈಗುಳ ಕೇಳುವ ಋಣ ಇನ್ನೂ ಇದೆ.

ಬೇನಜೀರಳಿಗೂ ಕೂಸಿಗೂ ನನ್ನ ದುವಾ. ಅಳಿಯ ಜಾಕೀರನಿಗೆ ಸಲಾಂ.

ನಿನ್ನ
ಗೂಡುಸಾಬ

ತಾ.ಕ.: ಕಾಗದ ಒಯ್ಯಲು, ರಾಣೆಬೆನ್ನೂರಿಗೆ ಹೊರಟ ಮಾರ್ಕೆಟ್ಟಿನ ಕೊಟ್ರಪ್ಪ ಗಾಡಿ ಚಾಲು ಮಾಡಿಕೊಂಡು ನಿಂತಿದ್ದಾನೆ, ಮುಖ್ಯ ಮಾತೇ ಉಳಿಯಿತು. ಸಾನಿಯಾ ನನ್ನ ಹತ್ತಿರ ಬರುತ್ತಿಲ್ಲ. ಗುಳಿಗೆಯನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಾಳೆ. ನಾನು ಕೆಮ್ಮಿ ಪಕ್ಕೆ ಹಿಡಿದುಕೊಂಡರೆ ಓಡಿಬಿಡುತ್ತಾಳೆ. ಎರಡು ಎಲುಬು ಮುರಿದಿವೆ. "ಮೆತ್ತಗ ಒತ್ತಿದ್ದರ ಎಲುಬು ಉಳೀತಿದ್ದವು, ಅಜ್ಜಾರು ಉಳೀತಿರಲಿಲ್ಲ" ಎಂದು ಡಾಕ್ಟರು ಅವಳೆದುರಿಗೇ ಹೇಳಿದರೂ ನಂಬುವುದಿಲ್ಲ. ಹೊರಡುವಾಗ ನೀನು ನನ್ನನ್ನು ತೋರಿಸಿ ಅವಳಿಗೆ, "ದಾದಾನ್ನ ನಿನ್ನ ಕೈಯಾಗ ಕೊಟ್ಟು ಹೊಂಟೇನಿ, ಹೆಂಗ ಕೊಟ್ಟೇನೋ ಹಂಗ ತಿರುಗಿ ಕೊಡು" ಎಂದಿದ್ದೆಯಲ್ಲ. ನಿನ್ನೆ ಬಾಗಿಲಿಂದಲೇ ನಿನ್ನನ್ನು ನೆನೆದು ಕೇಳಿದಳು, "ದಾದಿ ಊರಿಂದ ಬಂದ್ರ ಏನಂತ ಹೇಳ್ಲಿ?" ಬಂದ ಕೂಡಲೇ ನನ್ನ ಎದೆ ನೋಡಲು ಓಡಿ ಬರಬೇಡ. ಮೊದಲು ಅವಳ ಎರಡೂ ಕೈ ಹಿಡಿದು, ಕೊಟ್ಟದ್ದು ತಿರುಗಿ ಬಂದು ಮುಟ್ಟಿತು ಎಂದು ಹೇಳು.